ಕಣಿವೆ ಊರಿಗೆ ಟವರ್: ಪಂಚಾಯ್ತಿ ಜಾಗ ಕೊಟ್ಟರೆ ಸಾಕಾ?

ಪ್ರಶ್ನೆ (ಹೊಸನಗರ ತಾಲ್ಲೂಕು)
ನಮ್ಮ ಪಂಚಾಯ್ತಿಯ ಮೂರು ಮಜರೆ, ಸುಮಾರು 140 ಮನೆ. ಯಾವ ಸಿಮ್ಮೂ ಹಿಡಿಯಲ್ಲ. ಗುಡ್ಡದ ನೆತ್ತಿಯಲ್ಲಿ ಮಾತ್ರ ಎರಡು ಕಡ್ಡಿ. ಖಾಸಗಿಯವರು ಗಿರಾಕಿ ಸಾಲದು ಅಂತಾರೆ. ಪಂಚಾಯ್ತಿ ಜಾಗ, ಸರ್ಕಾರದ ದುಡ್ಡು ಸೇರಿಸಿ ಹಾಕಿಸಬಹುದಾ?

ಸಿಗ್ನಲ್‌ಕಡ್ಡಿ
ಹಾಕಿಸಬಹುದು. ಕಂಪನಿಗಳು ಆದಾಯದ 5% ಕಟ್ಟುವ ಡಿಜಿಟಲ್ ಭಾರತ್ ನಿಧಿ ಇರುವುದೇ ಲಾಭ ಹುಟ್ಟದ ಊರುಗಳಿಗೆ. ಸಿಗ್ನಲ್ ಇಲ್ಲದ ಊರುಗಳಿಗೆ 4ಜಿ ಮುಟ್ಟಿಸಲು 2022ರಲ್ಲಿ ಒಪ್ಪಿಗೆಯಾದ 4ಜಿ ಸ್ಯಾಚುರೇಷನ್ ಯೋಜನೆ ಬಿಎಸ್‌ಎನ್‌ಎಲ್ ಕೈಯಲ್ಲಿದೆ. 2025ರ ಜನವರಿಯಿಂದ ನಿಧಿಯ ಟವರುಗಳನ್ನು ಬಿಎಸ್‌ಎನ್‌ಎಲ್, ಜಿಯೋ, ಏರ್‌ಟೆಲ್ ಹಂಚಿಕೊಳ್ಳುವ ವ್ಯವಸ್ಥೆಯೂ ಬಂದಿದೆ, ಹಾಗಾಗಿ ಯಾರ ಟವರ್ ಎಂದು ಜಗಳವಾಡಬೇಡಿ.

ಎಡವಟ್ಟಾಗುವುದು ಸಿಗ್ನಲ್ ಇಲ್ಲದ ಊರುಗಳ ಪಟ್ಟಿಯಲ್ಲಿ. ಮುಖ್ಯ ಊರಿಗೆ ಸಿಗ್ನಲ್ ಇದ್ದರೆ ಮಜರೆಗೂ ಇದೆ ಎಂದೇ ದಾಖಲಾಗಿರಬಹುದು. "ಎರಡು ಕಡ್ಡಿ" ಪುರಾವೆಯಲ್ಲ. ಸಿಗ್ನಲ್ ಅಳೆಯುವ ಆ್ಯಪ್ ಹಾಕಿ, ಪ್ರತಿ ಮಜರೆಯಲ್ಲೂ ನಾಲ್ಕೈದು ಕಡೆ (ಮನೆಯೊಳಗೆ, ಅಂಗಳ, ಶಾಲೆ, ತೋಟ) ಒಂದೊಂದು ಸಿಮ್ಮಿನ ಆರ್‌ಎಸ್‌ಆರ್‌ಪಿ (ಸಿಗ್ನಲ್ ಎಷ್ಟು ಗಟ್ಟಿ ಎನ್ನುವ ಅಳತೆ, ಡಿಬಿಎಂನಲ್ಲಿ) ಬರೆದುಕೊಳ್ಳಿ, ಜೊತೆಗೆ ಅಕ್ಷಾಂಶ-ರೇಖಾಂಶ. ಮೈನಸ್ 115ಕ್ಕಿಂತ ಕೆಳಗಿಳಿದರೆ ಮಾತು ತುಂಡಾಗುತ್ತದೆ. ಆ ಕೋಷ್ಟಕವನ್ನೇ ಗ್ರಾಮಸಭೆ ನಿರ್ಣಯಕ್ಕೆ ಲಗತ್ತಿಸಿ.

ಪಹಣಿ ನೋಡಿ
ಜಾಗ ಅಂದರೆ ಯಾವುದು? ಮಲೆನಾಡಲ್ಲಿ ಅರ್ಧ ಫೈಲು ಸಾಯುವುದು ಇಲ್ಲೇ. ಕಾನು (ದಟ್ಟ ಕಾಡಿನ ತುಂಡು), ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರುವ ಬೆಟ್ಟ) ನಮ್ಮದೇ ಎಂದು ಬರೆದುಕೊಟ್ಟರೆ ಅರಣ್ಯ ಇಲಾಖೆ ನಿಲ್ಲಿಸುತ್ತದೆ. ಪಹಣಿ, ಸರ್ವೆ ನಕ್ಷೆ ಎರಡನ್ನೂ ತಾಳೆ ನೋಡಿ. ಶರಾವತಿ ಅಭಯಾರಣ್ಯದೊಳಗಾದರೆ ವನ್ಯಜೀವಿ ಮಂಡಳಿಯ ಒಪ್ಪಿಗೆಯ ದಾರಿ ಬೇರೆಯೇ ಇದೆ. ಕಾಡಿನೊಳಗೆ ಬರೀ ಕರೆಂಟ್ ಅಥವಾ ಫೈಬರ್ ಲೈನ್ ಹಾಯಬೇಕಿದ್ದರೆ 2006ರ ಅರಣ್ಯ ಹಕ್ಕು ಕಾಯ್ದೆಯ 3(2) ನೋಡಿ: ಒಂದು ಹೆಕ್ಟೇರಿಗಿಂತ ಕಮ್ಮಿ ಜಾಗ, ಹೆಕ್ಟೇರಿಗೆ 75 ಮರ ಮೀರದಂತೆ, ಗ್ರಾಮಸಭೆಯ ಶಿಫಾರಸಿನ ಮೇಲೆ.

ಮಳೆಗಾಲದ ಲೆಕ್ಕ
ಟವರ್ ಎದ್ದ ಮೇಲಿನ ಗೋಳು ಬೇರೆಯೇ. ಒಂದೂವರೆ ಕಿಲೋವಾಟ್ ಲೋಡಿಗೆ 48 ವೋಲ್ಟ್, 600 ಆಂಪ್ಅವರ್ ಲಿಥಿಯಂ ಬ್ಯಾಟರಿ ಹಿಡಿಯಿರಿ: ಸುಮಾರು 29 ಯೂನಿಟ್, ಅದರಲ್ಲಿ 80% ಬಳಸಿದರೆ 15 ಗಂಟೆ. ಆಷಾಢದಲ್ಲಿ ಮೆಸ್ಕಾಂ ಲೈನ್ ಮೇಲೆ ಮರ ಬಿದ್ದರೆ ಎರಡು ದಿನ ಕರೆಂಟಿಲ್ಲ. ಜನರೇಟರಿಗೆ ಡೀಸೆಲ್ ತುಂಬುವವರು ಯಾರು, ಎಷ್ಟು ಗಂಟೆಯೊಳಗೆ ಎನ್ನುವುದು ಕರಾರಿನಲ್ಲೇ ಇರಲಿ. ಪಂಚಾಯ್ತಿ ಪಾಲಿಗೆ ಲೈನ್ ಕೆಳಗಿನ ಕೊಂಬೆ ಸವರುವುದು, ಟವರ್ ಬುಡದವರೆಗೆ ಜೀಪು ಹೋಗುವ ರಸ್ತೆ. ಇದು ಜಾಗಕ್ಕಿಂತ ದೊಡ್ಡ ಕೊಡುಗೆ.

ಟವರನ್ನು ಕಂಪನಿಯ ಮುಖ್ಯ ಜಾಲಕ್ಕೆ ಜೋಡಿಸುವ ಸಂಪರ್ಕಕ್ಕೆ ಫೈಬರ್ ಕೇಳಿ; ಭಾರತ್‌ನೆಟ್ (ಪಂಚಾಯ್ತಿಗಳಿಗೆ ಸರ್ಕಾರ ಎಳೆಯುವ ಫೈಬರ್ ಜಾಲ) ಪಂಚಾಯ್ತಿ ಕಚೇರಿಗೆ ಬಂದಿದ್ದರೆ ಅಲ್ಲಿಂದಲೇ ಎಳೆಯಬಹುದು. ಫೈಬರ್ ಬದಲು ಮೈಕ್ರೋವೇವ್ ಡಿಶ್ ಆದರೆ ಎದುರು-ಬದುರು ನೇರ ನೋಟ ಬೇಕು. 15 ಗಿಗಾಹರ್ಟ್ಸ್ ಮೇಲಿನದಾದರೆ ಜಡಿಮಳೆಗೆ ಸಿಗ್ನಲ್ ಬಸಿದುಹೋಗುತ್ತದೆ. ಫೈಬರಿಗೆ ಮಳೆಯ ಭಯವಿಲ್ಲ, ಜೆಸಿಬಿಯದ್ದಿದೆ.

ಪ್ರಶ್ನೆ ಕೇಳಿದವರು
ಹಾಗಾದರೆ ಗುಡ್ಡದ ನೆತ್ತಿಯಲ್ಲೇ ಹಾಕಿಸಿದರೆ?

ಸಿಗ್ನಲ್‌ಕಡ್ಡಿ
ಬೇಡ. ಬುಡದ ಮನೆಗಳ ತಲೆ ಮೇಲಿಂದಲೇ ಸಿಗ್ನಲ್ ಹಾದು ಆಚೆ ಊರಿಗೆ ಹೋಗುತ್ತದೆ. ಆಂಟೆನಾ ಬಗ್ಗಿಸಬಹುದು, ಅದಕ್ಕೂ ಮಿತಿಯಿದೆ. ಮೂರೂ ಮಜರೆ ಕಣ್ಣಿಗೆ ಕಾಣುವ ನಡುಗುಡ್ಡ ಹುಡುಕಿ. ಅಡಿಕೆ ಮರದ ತಲೆ ಅಡ್ಡ ಬರುತ್ತದಾ ಅಂತಲೂ ನೋಡಿ, ಒದ್ದೆ ಸೋಗೆ ಸಿಗ್ನಲ್ ನುಂಗುತ್ತದೆ.