ಎಂಬಾಕ್ಸ್ ಫೈಲಲ್ಲಿ ಕನ್ನಡ ಸಬ್ಜೆಕ್ಟ್ ಗ್ರೆಪ್‌ಗೆ ಸಿಕ್ತಿಲ್ಲ, ತಾರೀಖಿನ ಪ್ರಕಾರ ಸಾರ್ಟೂ ಆಗ್ತಿಲ್ಲ

ಮೈಸೂರು_ಸೆಕ್ರೆಟರಿ

ಎಲ್ರಿಗೂ ನಮಸ್ಕಾರ. ನಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಷನ್ನಿನ ಜಿಮೇಲಲ್ಲಿದ್ದ ಮೇಲ್ ಎಲ್ಲಾ ಗೂಗಲ್ ಟೇಕ್‌ಔಟಲ್ಲಿ ಇಳಿಸ್ಕೊಂಡಿದ್ದೀನಿ, ಎಲ್ಲಾ ಮೇಲ್ ಒಂದರ ಹಿಂದೊಂದು ಜೋಡಿಸಿರೋ ಒಂದೇ ಒಂದು ಎಂಬಾಕ್ಸ್ ಫೈಲು, 6 ಜಿಬಿ ಮೇಲಿದೆ, ಎಡಿಟರಲ್ಲಿ ತೆಗೆಯೋ ಹಾಗೇ ಇಲ್ಲ. ನೀರಿನ ಬಿಲ್ ಬಗ್ಗೆ ಯಾರ್ಯಾರು ಯಾವಾಗ ಬರೆದಿದ್ರು ಅಂತ ತಾರೀಖಿನ ಪ್ರಕಾರ ಒಂದು ಪಟ್ಟಿ ಮಾಡಿ ಜನರಲ್ ಬಾಡಿ ಮೀಟಿಂಗಲ್ಲಿ ಇಡ್ಬೇಕು. ಉಬುಂಟು ಇದೆ, ಗ್ರೆಪ್ (ಪದ ಹುಡುಕೋದು), ಆಕ್ (ಲೈನಿನ ಭಾಗ ತೆಗೆಯೋದು), ಸಾರ್ಟ್ (ಕ್ರಮವಾಗಿ ಜೋಡಿಸೋದು) ಕಮಾಂಡ್‌ಗಳ ಮಟ್ಟಿಗೆ ಕೈ ಓಡತ್ತೆ. ಆದ್ರೆ ಇಂಗ್ಲಿಷಲ್ಲಿ ವಾಟರ್ ಬಿಲ್ ಅಂತ ಹುಡುಕಿದ್ರೆ ಬರತ್ತೆ, ಕನ್ನಡದಲ್ಲಿ "ನೀರಿನ ಬಿಲ್" ಅಂತ ಕೊಟ್ರೆ ಒಂದೂ ಬರಲ್ಲ, ಜಿಮೇಲಲ್ಲಿ ನೋಡಿದ್ರೆ ಅಂಥವು ರಾಶಿ ಇವೆ. ಇನ್ನು ಡೇಟ್ ಲೈನ್‌ಗಳನ್ನ ಸಾರ್ಟ್‌ಗೆ ಕೊಟ್ರೆ ಶುಕ್ರವಾರದ್ದೆಲ್ಲ ಮೊದಲು, ಆಮೇಲೆ ಸೋಮವಾರದ್ದು. ದಾರಿ ಹೇಳಿ ಪ್ಲೀಸ್.

ಹಳೇ_ಟರ್ಮಿನಲ್

ಸರ್, ಗ್ರೆಪ್ ಸರಿಯಾಗೇ ಇದೆ, ಫೈಲೊಳಗೆ ಕನ್ನಡ ಅಕ್ಷರ ಇಲ್ಲ ಅಷ್ಟೆ. ಮೇಲ್ ಹೆಡರಲ್ಲಿ (ಸಬ್ಜೆಕ್ಟ್, ಡೇಟ್ ಎಲ್ಲ ಇರೋ ತಲೆಭಾಗ) ಆಸ್ಕಿ, ಅಂದ್ರೆ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆ ಮಾತ್ರ ಇರ್ಬೇಕು ಅನ್ನೋದು ಮೊದಲಿಂದ ಬಂದಿರೋ ನಿಯಮ, ಹಾಗಾಗಿ ಬೇರೆ ಲಿಪಿಯ ಸಬ್ಜೆಕ್ಟನ್ನ ಆರ್‌ಎಫ್‌ಸಿ 2047 ಅನ್ನೋ ಇಂಟರ್ನೆಟ್ ನಿಯಮದ ದಾಖಲೆ (1996) ಹೇಳೋ ರೀತಿ ಆಸ್ಕಿಗೆ ತಿರುಗಿಸಿ ಕಳಿಸ್ತಾರೆ, ಕನ್ನಡಕ್ಕೆ ಹೆಚ್ಚಾಗಿ ಬೇಸ್64, ಅಂದ್ರೆ ಬೈಟುಗಳನ್ನ ಇಂಗ್ಲಿಷ್ ಅಕ್ಷರ, ಅಂಕಿಗಳಲ್ಲಿ ಬರೆಯೋ ವಿಧಾನ. ಸಬ್ಜೆಕ್ಟ್ ಲೈನ್ ಮಾತ್ರ ಗ್ರೆಪ್ ಮಾಡಿ ನೋಡಿ, ಈಕ್ವಲ್, ಪ್ರಶ್ನೆ ಚಿಹ್ನೆ, ಯುಟಿಎಫ್-8, ಬಿ ಅಂತೆಲ್ಲ ಆದ್ಮೇಲೆ 4, ಎಲ್, ಕೆ ಅಂತ ಶುರುವಾಗೋ ಗೋಜಲು ಕಾಣತ್ತೆ. ಅದೇ ನಿಮ್ಮ ಕನ್ನಡ. ಕನ್ನಡದ ಒಂದೊಂದು ಕೋಡ್‌ಪಾಯಿಂಟೂ (ಅಕ್ಷರಕ್ಕೋ ಗುಣಿತದ ಚಿಹ್ನೆಗೋ ಯುನಿಕೋಡ್ ಕೊಟ್ಟಿರೋ ಸಂಖ್ಯೆ) ಯುಟಿಎಫ್-8ರಲ್ಲಿ 3 ಬೈಟು, ಮೊದಲೆರಡು ಬೈಟು ಯಾವಾಗ್ಲೂ ಇ0 ಬಿ2 ಇಲ್ಲಾ ಇ0 ಬಿ3, ಬೇಸ್64 ಆ 3 ಬೈಟನ್ನ 4 ಅಕ್ಷರ ಮಾಡತ್ತೆ.

ಹಂಗಂತ "ನೀರಿನ" ಅನ್ನೋದನ್ನೇ ಬೇಸ್64 ಮಾಡಿ ಹುಡುಕೋಕೆ ಹೋಗ್ಬೇಡಿ. ಅದರ ಹಿಂದೆ ಒಂದು ಸ್ಪೇಸ್ ಇದ್ರೆ ಸಾಕು, ಬೈಟು ಒಂದು ಸ್ಥಾನ ಜರುಗಿ ಅದೇ ಪದ ಬೇರೆ ಥರ ಬರತ್ತೆ. ಮತ್ತೆ ಇಂಥ ಒಂದು ತುಂಡು 75 ಅಕ್ಷರ ದಾಟೋ ಹಾಗಿಲ್ಲ, ಲೆಕ್ಕ ಹಾಕಿದ್ರೆ ಕನ್ನಡದ 15 ಕೋಡ್‌ಪಾಯಿಂಟು, ಅದ್ರಲ್ಲೂ ಗುಣಿತ, ಒತ್ತು ಎಲ್ಲ ಬೇರೆ ಬೇರೆ ಲೆಕ್ಕ. ಸ್ವಲ್ಪ ಉದ್ದದ ಸಬ್ಜೆಕ್ಟ್ ಆದ್ರೂ ಎರಡು ಮೂರು ಲೈನಿಗೆ ಮುರಿದಿರತ್ತೆ, ಗ್ರೆಪ್ ನೋಡೋದು ಒಂದೊಂದೇ ಲೈನು.

ನನ್ನ ಪ್ರಕಾರ ಆ 6 ಜಿಬಿ ಮೇಲೆ ನೇರವಾಗಿ ಗ್ರೆಪ್ ಓಡಿಸೋದನ್ನೇ ಬಿಡಿ. ಮೊದಲು ಒಂದು ಮೇಲ್‌ಗೆ ಒಂದು ಲೈನ್ ಇರೋ ಇಂಡೆಕ್ಸ್ ಫೈಲ್ ಮಾಡ್ಕೊಳ್ಳಿ: ತಾರೀಖು, ಕಳಿಸಿದವರು, ಸಬ್ಜೆಕ್ಟ್, ಫೈಲ್ ಹೆಸರು, ಮಧ್ಯೆ ಟ್ಯಾಬ್. ಪ್ರೊಕ್‌ಮೇಲ್ ಪ್ಯಾಕೇಜ್ ಹಾಕಿದ್ರೆ ಫಾರ್ಮೇಲ್ ಬರತ್ತೆ, ಮೈನಸ್ ಎಸ್ ಕೊಟ್ರೆ ಎಂಬಾಕ್ಸನ್ನ ಒಂದೊಂದೇ ಮೇಲ್ ಆಗಿ ಒಡೆಯತ್ತೆ, ಮೈನಸ್ ಸಿ ಮುರಿದ ಹೆಡರ್ ಲೈನನ್ನ ಜೋಡಿಸತ್ತೆ, ಮೈನಸ್ ಎಕ್ಸ್ ಬೇಕಾದ ಹೆಡರ್ ಕಿತ್ತು ಕೊಡತ್ತೆ. ಮೂರು ಹೆಡರನ್ನೂ ಬೇರೆ ಬೇರೆಯಾಗಿ ತೆಗೀರಿ. ಸಬ್ಜೆಕ್ಟನ್ನ ಪರ್ಲ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ ಎನ್‌ಕೋಡ್ ಮಾಡ್ಯೂಲಲ್ಲಿ ಮೈಮ್-ಹೆಡರ್ ಅಂತ ಡಿಕೋಡ್ ಮಾಡಿದ್ರೆ ಅಚ್ಚ ಕನ್ನಡ ಬರತ್ತೆ, ಕಳಿಸಿದವರ ಹೆಸರಿಗೂ ಇದೇ ಮಾಡಿ. ಡೇಟನ್ನ ಡೇಟ್ ಕಮಾಂಡಿಗೆ ಮೈನಸ್ ಡಿ ಜೊತೆ ಕೊಟ್ಟು ಪ್ಲಸ್ ಪರ್ಸೆಂಟ್ ಎಸ್ ಅಂದ್ರೆ 1970ರಿಂದ ಎಷ್ಟು ಸೆಕೆಂಡ್ ಅಂತ ಒಂದೇ ಸಂಖ್ಯೆ ಸಿಗತ್ತೆ, ಟೈಮ್‌ಝೋನ್ ವ್ಯತ್ಯಾಸನೂ ಅಲ್ಲೇ ಕಳೆದುಹೋಗತ್ತೆ, ದುಬೈಯಿಂದ ಬರೆದ ಮಾಲೀಕರ ಮೇಲೂ ಸರಿ ಜಾಗಕ್ಕೆ ಬಂದು ಕೂರತ್ತೆ. ಆಮೇಲೆ ಸಾರ್ಟ್ ಮೈನಸ್ ಎನ್, ಅದಕ್ಕೆ ಪೈಪ್ ಹಾಕಿ ಗ್ರೆಪ್ "ನೀರಿನ ಬಿಲ್". ಇಂಡೆಕ್ಸ್ ಕೆಲವೇ ಎಂಬಿ ಇರೋದ್ರಿಂದ ಎಷ್ಟು ಸಲ ಹುಡುಕಿದ್ರೂ ಕ್ಷಣದಲ್ಲಿ ಆಗತ್ತೆ.

ಪೈಪ್‌ಲೈನ್_ಧಾರವಾಡ

ಮ್ಯಾಲಿನವ್ರು ಹೇಳಿದ್ದು ಬರೋಬ್ಬರಿ ಅದ. ಒಡಿಯೋ ಮುಂದ ಎರಡು ಮಾತು ನೆನಪಿಡ್ರಿ. ಫಾರ್ಮೇಲ್ ಪ್ರತಿ ಮೇಲ್‌ಗೂ ಫೈಲ್‌ನೋ ಅನ್ನೋ ವೇರಿಯಬಲ್‌ದಾಗ ನಂಬರ್ ಕೊಡತೈತಿ (ಎಲ್ಲಾ ಕ್ಯಾಪಿಟಲ್), ಅದನ್ನ ಮೊದಲ 000000 ಅಂತ ಇಟ್ಟು ಓಡಿಸ್ರಿ, ಆವಾಗ ಫೈಲ್ ಹೆಸರೆಲ್ಲಾ ಆರಂಕಿ ಆಗಿ ಸಾಲಾಗಿ ನಿಂದರತಾವ. ಮತ್ತ ಒಂದೊಂದು ಮೇಲನ್ನ ಫೈಲಿಗೆ ಬರಿಯಾಕ ಫಾರ್ಮೇಲ್‌ಗೆ ಕೊಡೋ ಎಸ್‌ಎಚ್ ಮೈನಸ್ ಸಿ ಕಮಾಂಡ್ ಸಿಂಗಲ್ ಕೋಟ್‌ದಾಗ ಇರಬೇಕ್ರಿ. ಡಬಲ್ ಕೋಟ್ ಹಾಕಿದ್ರ ಹೊರಗಿನ ಶೆಲ್ಲೇ ಮೊದಲ ವೇರಿಯಬಲ್ ಬಿಡಿಸಿ ಬಿಡತೈತಿ, ಎಲ್ಲಾ ಮೇಲ್ ಒಂದ ಹೆಸರಿಗೆ ಹೋಗಿ ಕಡೀದೊಂದ ಉಳಿತೈತಿ.

ಒಂದ ಮೇಲ್ ಎರಡೆರಡು ಸಲ ಇದ್ರ ಮೈನಸ್ ಕ್ಯಾಪಿಟಲ್ ಡಿ ಅದ, ಮೇಲ್‌ನ ಗುರುತಿನ ಹೆಡರ್ ಮೆಸೇಜ್-ಐಡಿ ನೋಡಿ ಎರಡನೇದನ್ನ ಕೈಬಿಡತೈತಿ. ನೋಡಿದ ಐಡಿ ಬರೆದಿಡೋ ಅದರ ಕ್ಯಾಶ್ ಫೈಲಿನ ಸೈಜ್ ಬೈಟ್ ಲೆಕ್ಕದಾಗ ಕೇಳತೈತಿ, ಧಾರಾಳ ಕೊಡ್ರಿ, ಸಣ್ಣದಾದ್ರ ಹಳೇ ಐಡಿ ಅಳಿಸಿ ಹೊಸಾದು ಬರಕೋತೈತಿ.

ಮೈಸೂರು_ಸೆಕ್ರೆಟರಿ

ಇಬ್ರಿಗೂ ತುಂಬಾ ಥ್ಯಾಂಕ್ಸ್, ಪಟ್ಟಿ ಬಂತು, ಸಬ್ಜೆಕ್ಟ್ ಎಲ್ಲ ಕನ್ನಡದಲ್ಲೇ ಕಾಣ್ತಿದೆ! ಇನ್ನೊಂದು ಕೇಳ್ತೀನಿ, ಕೆಲವರು ಹಳೇ ಮೇಲ್‌ಗೇ ರಿಪ್ಲೈ ಮಾಡಿರ್ತಾರೆ, ಸಬ್ಜೆಕ್ಟ್ ಲಿಫ್ಟ್ ರಿಪೇರಿ ಅಂತಿರತ್ತೆ, ಒಳಗೆ ನೀರಿನ ಬಿಲ್ ವಿಷಯ. ಅವನ್ನ ಹಿಡಿಯೋದು ಹೇಗೆ?

ಹಳೇ_ಟರ್ಮಿನಲ್

ಒಳಗಿನ ಬರಹನೂ ಸಾಮಾನ್ಯವಾಗಿ ಬೇಸ್64 ಇಲ್ಲಾ ಕ್ವೋಟೆಡ್-ಪ್ರಿಂಟಬಲ್ (ಆಸ್ಕಿಗೆ ತಿರುಗಿಸೋ ಇನ್ನೊಂದು ವಿಧಾನ) ಆಗಿರತ್ತೆ, ಅದರ ಮೇಲೆ ಎಚ್‌ಟಿಎಂಎಲ್, ಅಟ್ಯಾಚ್‌ಮೆಂಟ್ ಬೇರೆ. ಇಲ್ಲಿಗೆ ಶೆಲ್ ನಿಲ್ಲಿಸಿ ನಾಟ್‌ಮಚ್ ಅನ್ನೋ ಮೇಲ್ ಹುಡುಕೋ ಪ್ರೋಗ್ರಾಂ ಹಾಕೊಳ್ಳಿ ಸರ್. ಅದಕ್ಕೂ ಒಂದು ಮೇಲ್‌ಗೆ ಒಂದು ಫೈಲೇ ಬೇಕು, ನೀವು ಒಡೆದಿಟ್ಟಿರೋದು ಕೆಲಸಕ್ಕೆ ಬರತ್ತೆ, ಪ್ರತಿ ಫೈಲಿನ ಮೊದಲಿಗಿರೋ ಎಂಬಾಕ್ಸಿನ ಫ್ರಮ್ ಲೈನ್ (ಕೋಲನ್ ಇಲ್ಲದ್ದು) ಮಾತ್ರ ತೆಗೆದುಬಿಡಿ. ಒಂದ್ಸಲ ಇಂಡೆಕ್ಸ್ ಆದ್ರೆ ಪದದ ಜೊತೆ ಡೇಟ್ ಕೋಲನ್ 2018, ಎರಡು ಚುಕ್ಕಿ, 2020 ಅಂತ ಕೊಟ್ಟು ಆ ವರ್ಷಗಳದ್ದಷ್ಟೇ ತೆಗೀಬಹುದು. ಇದು ಪೂರ್ತಿ ಪದ ಹೊಂದಿಸತ್ತೆ, "ಬಿಲ್" ಅಂದ್ರೆ "ಬಿಲ್ಲು" ಬರಲ್ಲ, ಅದಕ್ಕೆ ಪದದ ಕೊನೆಗೆ ಸ್ಟಾರ್ ಹಾಕಿ.