ಯೂನಿಯನ್ ಕಾರ್ಡಿಗೆ ಸಹಿ ಹಾಕಲಾ? ನನ್ನ ಹಲ್ಲು, ಗಂಡನ ಇನ್ಶೂರೆನ್ಸ್, ಎಫ್-1 ವೀಸಾ

ತುಂಗಾತೀರದವಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಅಮೆರಿಕದ ಪೂರ್ವ ಕರಾವಳಿಯ ಒಂದು ಖಾಸಗಿ ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ಮೂರನೇ ವರ್ಷ. ಯಾವ ಯೂನಿವರ್ಸಿಟಿ ಅಂತ ಕೇಳಬೇಡಿ. ಟಿಎ (ಟೀಚಿಂಗ್ ಅಸಿಸ್ಟೆಂಟ್) ಕೆಲಸ ಇದೆ. ವಾರಕ್ಕೆ 20 ಗಂಟೆ ಅಂತ ಕಾಗದದಲ್ಲಿ ಬರೆದಿದ್ದಾರೆ. ಮಿಡ್‌ಟರ್ಮ್ ಪೇಪರ್ ಬಂದ ವಾರ ನಾನು ಲೆಕ್ಕ ಇಡುವುದನ್ನೇ ಬಿಟ್ಟಿದ್ದೇನೆ.

ಹೋದ ವಾರ ಕೆಮಿಸ್ಟ್ರಿಯ ಒಬ್ಬ ಹುಡುಗ ಕ್ಲಿಪ್‌ಬೋರ್ಡ್ ಹಿಡಿದುಕೊಂಡು ನಮ್ಮ ಆಫೀಸಿಗೆ ಬಂದ. ಗ್ರ್ಯಾಜುಯೇಟ್ ವಿದ್ಯಾರ್ಥಿಗಳ ಯೂನಿಯನ್ ಕಟ್ಟುತ್ತಿದ್ದೇವೆ, ಹೆಲ್ತ್ ಇನ್ಶೂರೆನ್ಸೇ ಮೊದಲ ಬೇಡಿಕೆ, ಸಹಿ ಹಾಕಿ ಅಂದ. ಹೆಸರು, ಡಿಪಾರ್ಟ್‌ಮೆಂಟ್, ತಾರೀಖು, ಸಹಿ. ಕಾರ್ಡಿನಲ್ಲಿ ಇರುವುದು ಅಷ್ಟೇ. ಓದಿ ಹೇಳುತ್ತೇನೆ ಅಂತ ಡ್ರಾಯರಿಗೆ ಹಾಕಿದೆ. ಇನ್ನೂ ಅಲ್ಲೇ ಇದೆ, ಲವಂಗದ ಡಬ್ಬಿಯ ಪಕ್ಕ.

ಲವಂಗ ಯಾಕೆ ಅಂತೀರಾ? ಎಡಗಡೆಯ ಕೊನೆಯ ದವಡೆ ಹಲ್ಲು. ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕಲು 2,300 ಡಾಲರ್ ಹೇಳಿದ್ದಾರೆ. ನಮ್ಮ ಪ್ಲಾನಿನಲ್ಲಿ ಹಲ್ಲು ಬರುವುದೇ ಇಲ್ಲ. ಹಾಗಾಗಿ ಒಂದು ಲವಂಗ ಕಚ್ಚಿಕೊಂಡು ಪೇಪರ್ ತಿದ್ದುತ್ತೇನೆ. ಊರಿಗೆ ಹೋದಾಗ ಶಿವಮೊಗ್ಗದಲ್ಲಿ ತೋರಿಸಿದರಾಯಿತು ಅಂತ ಎರಡು ವರ್ಷದಿಂದ ಮುಂದೂಡುತ್ತಿದ್ದೇನೆ. ಟಿಕೆಟ್ ರೇಟ್ ನೋಡಿದರೆ ಅದು ಇನ್ನೊಂದು ಹಲ್ಲುನೋವು.

ನನ್ನ ಪ್ರೀಮಿಯಂ ಯೂನಿವರ್ಸಿಟಿ ಕಟ್ಟುತ್ತದೆ. ಗಂಡನದ್ದು ನಾವೇ ಕಟ್ಟಬೇಕು. ನನ್ನದು ಎಫ್-1, ಅಂದರೆ ವಿದ್ಯಾರ್ಥಿ ವೀಸಾ; ಅವರದ್ದು ಎಫ್-2, ಅಂದರೆ ವಿದ್ಯಾರ್ಥಿಯ ಸಂಗಾತಿಯ ವೀಸಾ, ಕೆಲಸ ಮಾಡುವ ಹಾಗಿಲ್ಲ. ಮುಂದಿನ ವರ್ಷದಿಂದ ಅವರೊಬ್ಬರಿಗೇ ತಿಂಗಳಿಗೆ 450 ಡಾಲರ್ ಆಗುತ್ತದೆ ಅಂತ ಈಮೇಲ್ ಬಂದಿದೆ. ಮಗು ಮಾಡಿಕೊಳ್ಳುವ ಯೋಚನೆ ಇತ್ತು. ಒಂದು ಸಂಜೆ ಮೂರು ಜನರ ಲೆಕ್ಕ ಬರೆದು ನೋಡಿ, ಕಾಗದ ಮಡಚಿ ಇಟ್ಟೆವು.

ನನಗೆ ಗೊತ್ತಾಗಬೇಕಿರುವುದು ಇಷ್ಟೇ. ಸಹಿ ಹಾಕಿದರೆ ವೀಸಾಗೆ ಏನಾದರೂ ಆಗುತ್ತಾ? ಗೈಡಿಗೆ ಗೊತ್ತಾಗುತ್ತಾ? ಇದರಿಂದ ಎಲ್ಲಾದರೂ ಯಾರಿಗಾದರೂ ನಿಜವಾಗಿ ಏನಾದರೂ ಸಿಕ್ಕಿದೆಯಾ, ಅಥವಾ ಸುಮ್ನೆ ಘೋಷಣೆ ಕೂಗಿ ಮನೆಗೆ ಬರುವುದಾ?

ಹಳೇ_ಟಿಎ:

ಮೊದಲು ಒಂದು ವಿಷಯ ಬಿಡಿಸಿಕೊಳ್ಳಿ. ಕಾರ್ಡಿಗೆ ಸಹಿ ಹಾಕುವುದು ಬೇರೆ, ಮುಷ್ಕರ ಬೇರೆ. ಕಾರ್ಡಿನ ಅರ್ಥ ಇಷ್ಟೇ: ಈ ಯೂನಿಯನ್ ನನ್ನ ಪರವಾಗಿ ಮಾತಾಡಲಿ. 30 ಪರ್ಸೆಂಟ್ ಜನ ಸಹಿ ಹಾಕಿದರೆ ನ್ಯಾಷನಲ್ ಲೇಬರ್ ರಿಲೇಷನ್ಸ್ ಬೋರ್ಡ್ ಎಂಬ ಕೇಂದ್ರ ಸರ್ಕಾರದ ಕಾರ್ಮಿಕ ಮಂಡಳಿಯ ಮುಂದೆ, ಯೂನಿಯನ್ ಬೇಕೋ ಬೇಡವೋ ಅಂತ ಚುನಾವಣೆ ಕೇಳಬಹುದು. ಬುದ್ಧಿ ಇರುವ ಸಂಘಟಕರು ಅದಕ್ಕಿಂತ ಬಹಳ ಜಾಸ್ತಿ ಸೇರಿಸಿಕೊಂಡೇ ಹೋಗುತ್ತಾರೆ. ಕಾರ್ಡುಗಳನ್ನು ನೋಡುವುದು ಬೋರ್ಡು, ನಿಮ್ಮ ಯೂನಿವರ್ಸಿಟಿ ಅಲ್ಲ. ಚುನಾವಣೆಯೂ ಗುಪ್ತ ಮತದಾನ.

ವೀಸಾ ವಿಷಯ. ಎಫ್-1 ನಿಂತಿರುವುದು ನೀವು ಫುಲ್‌ಟೈಮ್ ವಿದ್ಯಾರ್ಥಿಯಾಗಿ ಇದ್ದೀರಾ ಎಂಬುದರ ಮೇಲೆ. ಖಾಸಗಿ ಸಂಸ್ಥೆಗಳಲ್ಲಿ ಸಂಘಟಿತರಾಗುವ ಹಕ್ಕು ಕೊಡುವ ಕಾನೂನು ನಿಮ್ಮ ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಕೇಳುವುದಿಲ್ಲ. 2025ರ ವಸಂತದಲ್ಲಿ ಸಾವಿರಾರು ವಿದೇಶಿ ವಿದ್ಯಾರ್ಥಿಗಳ ಸೆವಿಸ್ ದಾಖಲೆಯನ್ನು (ಅವರ ಲೆಕ್ಕ ಇಡುವ ಸರ್ಕಾರಿ ದಾಖಲೆ) ಸರ್ಕಾರ ಕಿತ್ತುಹಾಕಿ, ಕೋರ್ಟಿನಲ್ಲಿ ಬೈಸಿಕೊಂಡ ಮೇಲೆ ವಾಪಸ್ ಹಾಕಿದ್ದನ್ನು ನೋಡಿದವರಿಗೆ ಹೆದರಿಕೆ ಇರುವುದು ಸಹಜ, ನನಗೂ ಇತ್ತು. ಆದರೆ ಅದು ಯೂನಿಯನ್ ಕಾರ್ಡಿಗಾಗಿ ಆದದ್ದಲ್ಲ. ಮುಷ್ಕರದ ಮಾತು ಬಂದಾಗ ಮಾತ್ರ ಸಹಿ ಹಾಕಿದಷ್ಟು ಸಲೀಸಾಗಿ ಹೋಗಬೇಡಿ. ಯೂನಿಯನ್ನಿನ ಇಮಿಗ್ರೇಷನ್ ವಕೀಲರ ಹತ್ತಿರ ಕೂತು ಮಾತಾಡಿ.

ಖಾಸಗಿ ಯೂನಿವರ್ಸಿಟಿ ಅಂದಿರಿ, ಅದಕ್ಕೆ ಇನ್ನೊಂದು ಮಾತು. ಟಿಎ ವಿದ್ಯಾರ್ಥಿಯಾ, ಕೆಲಸಗಾರನಾ ಎಂಬುದರ ಬಗ್ಗೆ ಈ ಬೋರ್ಡು ಹಗ್ಗಜಗ್ಗಾಟ ಆಡುತ್ತಲೇ ಬಂದಿದೆ. 2000ದಲ್ಲಿ ನ್ಯೂಯಾರ್ಕ್ ಯೂನಿವರ್ಸಿಟಿ ಕೇಸಿನಲ್ಲಿ ಕೆಲಸಗಾರ ಅಂದರು. 2004ರಲ್ಲಿ ಬ್ರೌನ್ ಕೇಸಿನಲ್ಲಿ ಅಲ್ಲ ಅಂದರು. 2016ರ ಆಗಸ್ಟಿನಲ್ಲಿ ಕೊಲಂಬಿಯಾ ಕೇಸಿನಲ್ಲಿ ಮತ್ತೆ ಹೌದು ಅಂದರು. ಬೋರ್ಡಿನ ಸದಸ್ಯರನ್ನು ನೇಮಿಸುವುದು ದೇಶದ ಅಧ್ಯಕ್ಷರು, ಅಧ್ಯಕ್ಷರು ಬದಲಾದರೆ ಬೋರ್ಡಿನ ಮಾತೂ ಬದಲಾಗಬಹುದು, ಹಾಗಾಗಿ ಗಾಳಿ ಬಂದಾಗ ತೂರಿಕೊಳ್ಳಬೇಕು, ಇಲ್ಲದಾಗ ಸುಮ್ಮನಿರಬೇಕು. 2018ರಲ್ಲಿ ಯೇಲ್, ಬೋಸ್ಟನ್ ಕಾಲೇಜು, ಪೆನ್ಸಿಲ್ವೇನಿಯಾ ಯೂನಿವರ್ಸಿಟಿ ಇಲ್ಲೆಲ್ಲ ಯೂನಿಯನ್‌ಗಳು ತಾವೇ ಅರ್ಜಿ ಹಿಂದೆ ತೆಗೆದುಕೊಂಡದ್ದು ಇದೇ ಹೆದರಿಕೆಯಿಂದ, ತಮ್ಮ ಕೇಸನ್ನೇ ನೆಪ ಮಾಡಿಕೊಂಡು ಕೊಲಂಬಿಯಾ ತೀರ್ಪನ್ನು ತಿರುಗಿಸಿಬಿಟ್ಟರೆ ಅಂತ. ನಿಮ್ಮ ಕೆಮಿಸ್ಟ್ರಿ ಹುಡುಗನನ್ನು ಇದನ್ನೇ ಕೇಳಿ: ಬೋರ್ಡಿಗೆ ಹೋಗುತ್ತೀರಾ, ಅಥವಾ ಯೂನಿವರ್ಸಿಟಿ ತಾನಾಗಿ ಯೂನಿಯನ್ನನ್ನು ಒಪ್ಪಿಕೊಳ್ಳುವಂತೆ ಒತ್ತಡ ಹಾಕುತ್ತೀರಾ? ಉತ್ತರ ಗೊತ್ತಿಲ್ಲದಿದ್ದರೆ ಆ ಹುಡುಗ ಇನ್ನೂ ಹೋಂವರ್ಕ್ ಮಾಡಿಲ್ಲ ಅಂತ.

ಎಡಿಸನ್_ಅಂಕಲ್:

ನಾನು 1998ರಲ್ಲಿ ಬಂದವನು. ಎಂಎಸ್ ಮಾಡುವಾಗ ನಾಲ್ಕು ಜನ ಒಂದು ರೂಮಿನಲ್ಲಿ ಇದ್ದೆವು, ಅನ್ನ ಸಾರು ತಿಂದು ಓದಿದೆವು. ಹಲ್ಲುನೋವು ಬಂದರೆ ಮಾತ್ರೆ ನುಂಗಿದೆವು. ಟ್ಯೂಷನ್ ಫ್ರೀ, ಮೇಲೆ ಸ್ಟೈಪೆಂಡ್, ನಿಮ್ಮ ಪ್ರೀಮಿಯಂ ಕೂಡ ಅವರೇ ಕಟ್ಟುತ್ತಾರೆ, ಇನ್ನೇನು ಬೇಕಮ್ಮಾ? ಓದಲು ಬಂದಿದ್ದೀರಿ, ಓದಿ ಹೊರಗೆ ಬನ್ನಿ. ಕಾರ್ ಫ್ಯಾಕ್ಟರಿಯವರ ಯೂನಿಯನ್ನಿಗೆ ನೀವು ಚಂದಾ ಕಟ್ಟುವುದು, ಅವರು ನಿಮ್ಮನ್ನು ಬೀದಿಗೆ ಇಳಿಸುವುದು. ಬೇಜಾರು ಮಾಡಿಕೊಳ್ಳಬೇಡಿ, ಹಿರಿಯನಾಗಿ ಹೇಳಿದೆ.

ಬೆಂದಕಾಳು_ಆಸ್ಟಿನ್:

ಅಂಕಲ್, ಕಾರ್ ಫ್ಯಾಕ್ಟರಿಯವರ ಯೂನಿಯನ್ ಅಂದಿರಲ್ಲ, ಆ ಯುಎಡಬ್ಲ್ಯೂನಲ್ಲಿ (ಯುನೈಟೆಡ್ ಆಟೋ ವರ್ಕರ್ಸ್) ಈಗ ಸುಮಾರು ನಾಲ್ಕರಲ್ಲಿ ಒಂದು ಪಾಲು ಜನ ಯೂನಿವರ್ಸಿಟಿಗಳವರೇ. ಇದು ಹೊಸ ಚಟವೂ ಅಲ್ಲ. ವಿಸ್ಕಾನ್ಸಿನ್‌ನಲ್ಲಿ ಟಿಎಗಳು ಸಂಘ ಕಟ್ಟಿದ್ದು 1966ರಲ್ಲಿ, ನೀವು ಅಮೆರಿಕಕ್ಕೆ ಕಾಲಿಡುವ 32 ವರ್ಷ ಮೊದಲು. ಮಿಶಿಗನ್‌ನವರು 1975ರಲ್ಲೇ ಮುಷ್ಕರ ಹೂಡಿ ಮೊದಲ ಒಪ್ಪಂದ ಬರೆಸಿಕೊಂಡರು. ಚಂದಾ ಇದೆ, ಸುಳ್ಳು ಹೇಳಲ್ಲ. ಯುಎಡಬ್ಲ್ಯೂನಲ್ಲಿ ಸಂಬಳದ 1.44 ಪರ್ಸೆಂಟ್. ಆದರೆ ಒಪ್ಪಂದ ಆಗುವ ತನಕ ಕಟ್ಟಬೇಕಾಗಿಲ್ಲ.

‘ಅವರೇ ಕಟ್ಟುತ್ತಾರೆ’ ಅಂದಿರಲ್ಲ, ನನ್ನ ತಕರಾರು ಇರುವುದು ಅಲ್ಲೇ. ಕಟ್ಟುತ್ತಾರೆ, ಎಲ್ಲಿಯ ತನಕ? 2015ರ ಆಗಸ್ಟ್ 14, ಮಿಸೌರಿ ಯೂನಿವರ್ಸಿಟಿ. ಗ್ರ್ಯಾಜುಯೇಟ್ ವಿದ್ಯಾರ್ಥಿಗಳಿಗೆ ಒಂದು ಈಮೇಲ್ ಬಂತು. ನಿಮ್ಮ ಹೆಲ್ತ್ ಇನ್ಶೂರೆನ್ಸಿಗೆ ಕೊಡುತ್ತಿದ್ದ ಸಬ್ಸಿಡಿ ನಿಲ್ಲಿಸಿದ್ದೇವೆ ಅಂತ. ಹಳೆಯ ಕವರೇಜ್ ಮುಗಿಯುತ್ತಿದ್ದದ್ದು ಅವತ್ತೇ ರಾತ್ರಿ! ಒಬಾಮಾಕೇರ್ ಎಂಬ ಆರೋಗ್ಯ ವಿಮೆಯ ಕಾನೂನನ್ನು ತೆರಿಗೆ ಇಲಾಖೆ ಓದಿದ ರೀತಿಯೇ ಕಾರಣ ಅಂದರು. ಉದ್ಯೋಗಿಗಳು ತಾವೇ ಪ್ಲಾನ್ ಕೊಳ್ಳಲಿ ಅಂತ ಯಜಮಾನ ದುಡ್ಡು ಕೊಡುವ ಹಾಗಿಲ್ಲವಂತೆ, ವಿದ್ಯಾರ್ಥಿ ಪ್ಲಾನ್ ಆ ಲೆಕ್ಕಕ್ಕೆ ಬರುತ್ತದಂತೆ. ತಮಾಷೆ ನೋಡಿ, ಯೂನಿಯನ್ ಕೇಳಿದರೆ ನೀವು ವಿದ್ಯಾರ್ಥಿಗಳು, ಸಬ್ಸಿಡಿ ಕಿತ್ತುಕೊಳ್ಳುವಾಗ ನೀವು ಉದ್ಯೋಗಿಗಳು.

ಅಲ್ಲಿ ಆಗ ಯೂನಿಯನ್ ಇರಲಿಲ್ಲ. ಆದರೂ ಕೆಲವೇ ದಿನಗಳಲ್ಲಿ ಒಂದು ವೇದಿಕೆ ಕಟ್ಟಿಕೊಂಡು ಗಲಾಟೆ ಎಬ್ಬಿಸಿದರು. ಒಂದು ವಾರದಲ್ಲಿ ಯೂನಿವರ್ಸಿಟಿ ಸಬ್ಸಿಡಿ ವಾಪಸ್ ಕೊಟ್ಟಿತು. ಅಷ್ಟಾದರೂ ಆಗಸ್ಟ್ 26ರಂದು ಜನ ಕ್ಲಾಸು ಬಿಟ್ಟು ಹೊರಗೆ ಬಂದರು. ಈಮೇಲಿನಲ್ಲಿ ಬಂದದ್ದು ಈಮೇಲಿನಲ್ಲೇ ಹೋಗಬಹುದು ಅಂತ ಅವರಿಗೆ ಅಷ್ಟು ಹೊತ್ತಿಗೆ ಗೊತ್ತಾಗಿತ್ತು. ಒಪ್ಪಂದದಲ್ಲಿ ಬರೆದದ್ದನ್ನು ಹಾಗೆ ರಾತ್ರೋರಾತ್ರಿ ಅಳಿಸಲು ಬರುವುದಿಲ್ಲ. ನನ್ನ ಮಟ್ಟಿಗೆ ಯೂನಿಯನ್ ಬೇಕಾದದ್ದು ಇದಕ್ಕೆ. ಸಂಬಳ ಜಾಸ್ತಿ ಆಗುವುದು ಎರಡನೇ ಮಾತು.

ನಾನಿರುವುದು ಟೆಕ್ಸಸ್. ಇಲ್ಲಿ ಸರ್ಕಾರಿ ಯೂನಿವರ್ಸಿಟಿಯವರಿಗೆ ಯೂನಿಯನ್ ಮೂಲಕ ಒಟ್ಟಾಗಿ ಒಪ್ಪಂದಕ್ಕೆ ಚೌಕಾಸಿ ಮಾಡುವ ಹಕ್ಕನ್ನೇ ರಾಜ್ಯದ ಕಾನೂನು ಕೊಟ್ಟಿಲ್ಲ. ನಾರ್ತ್ ಕೆರೊಲಿನಾದಲ್ಲೂ ಇಲ್ಲ. ನಿಮ್ಮ ಡ್ರಾಯರಿನಲ್ಲಿರುವ ಆ ಕಾರ್ಡು ನನಗೆ ಸಿಕ್ಕಿದ್ದರೆ ಅವತ್ತೇ ಸಹಿ ಹಾಕಿ ಕೊಡುತ್ತಿದ್ದೆ.

ಗಿರ್ಮಿಟ್_ಫಿಲ್ಲಿ:

ನಾನು ಸಹಿ ಹಾಕಿ ಅನ್ನುವವನೇ. ಆದರೆ ಬರೀ ಸಿಹಿ ಹೇಳಬಾರದು.

2023ರ ಜನವರಿ 31ಕ್ಕೆ ಫಿಲಡೆಲ್ಫಿಯಾದ ಟೆಂಪಲ್ ಯೂನಿವರ್ಸಿಟಿಯ ಗ್ರ್ಯಾಜುಯೇಟ್ ಯೂನಿಯನ್ ಮುಷ್ಕರ ಶುರು ಮಾಡಿತು. ನಾನು ಅದೇ ಊರಿನಲ್ಲಿ ಬೇರೆ ಕಡೆ ಓದುತ್ತಿದ್ದೆ. ಡಿಪೆಂಡೆಂಟ್‌ಗಳ, ಅಂದರೆ ಗಂಡ ಹೆಂಡತಿ ಮಕ್ಕಳ ಇನ್ಶೂರೆನ್ಸ್ ಅವರ ಮುಖ್ಯ ಬೇಡಿಕೆಗಳಲ್ಲಿ ಒಂದು. ಯೂನಿವರ್ಸಿಟಿ ಏನು ಮಾಡಿತು ಗೊತ್ತಾ? ಮುಷ್ಕರದಲ್ಲಿದ್ದವರ ಟ್ಯೂಷನ್ ವಿನಾಯಿತಿ ಕಿತ್ತಿತು, ಹೆಲ್ತ್ ಇನ್ಶೂರೆನ್ಸನ್ನೂ ಕಿತ್ತಿತು. ಔಷಧಿ ತರಲು ಫಾರ್ಮಸಿಗೆ ಹೋದವರಿಗೆ ನಿಮ್ಮ ಇನ್ಶೂರೆನ್ಸ್ ಕಾರ್ಡು ನಡೆಯಲ್ಲ ಅನ್ನುವ ಪರಿಸ್ಥಿತಿ. ಮೊದಲು ಬಂದ ಒಪ್ಪಂದವನ್ನು ಸದಸ್ಯರೇ ಮತ ಹಾಕಿ ತಿರಸ್ಕರಿಸಿದರು. ಮಾರ್ಚ್ 13ಕ್ಕೆ ಮುಗಿಯಿತು. ಆರು ವಾರ ಒದ್ದಾಡಿ ಡಿಪೆಂಡೆಂಟ್ ಪ್ರೀಮಿಯಂನಲ್ಲಿ ಸಿಕ್ಕಿದ್ದು ಕಾಲು ಭಾಗ. ಕಾಲು ಭಾಗ ಅಷ್ಟೇನಾ ಅನ್ನಬಹುದು. ಅದಕ್ಕೆ ಮೊದಲು ಸೊನ್ನೆ ಇತ್ತು.

ನಿಮ್ಮ ಹಲ್ಲಿನ ವಿಷಯ. ಅಮೆರಿಕದ ಕಾನೂನಿನಲ್ಲಿ ದೊಡ್ಡವರ ಹಲ್ಲು ಅತ್ಯಗತ್ಯ ಆರೋಗ್ಯ ಸೇವೆಯ ಪಟ್ಟಿಯಲ್ಲೇ ಇಲ್ಲ. ಮಕ್ಕಳದ್ದು ಇದೆ. ಅದಕ್ಕೇ ನಮ್ಮ ಜನ ಎರಡು ವರ್ಷಕ್ಕೊಮ್ಮೆ ಹಲ್ಲು, ಕನ್ನಡಕ ಎಲ್ಲ ಒಟ್ಟು ಮಾಡಿಕೊಂಡು ಊರಿಗೆ ಹೋಗುವುದು. ಕಾನೂನು ಕೊಡದೆ ಇರುವುದನ್ನು ಒಪ್ಪಂದದಲ್ಲಿ ಕೇಳಿ ಪಡೆಯಬೇಕು. ಕೊಲಂಬಿಯಾದವರು 2021ರ ನವೆಂಬರಿನಿಂದ ಹತ್ತು ವಾರ ಚಳಿಯಲ್ಲಿ ನಿಂತರು, ಹಲ್ಲಿನ ಇನ್ಶೂರೆನ್ಸಿಗೂ ಯೂನಿವರ್ಸಿಟಿ ಪಾಲು ಹಾಕುವಂತಾಯಿತು. ಹಾರ್ವರ್ಡ್‌ನವರು 2019ರ ಡಿಸೆಂಬರಿನಲ್ಲಿ ಮುಷ್ಕರ ಮಾಡಿ, 2020ರ ಒಪ್ಪಂದದಲ್ಲಿ ಡಾಕ್ಟರ್ ಖರ್ಚಿಗೆ, ಮಕ್ಕಳನ್ನು ನೋಡಿಕೊಳ್ಳುವ ಖರ್ಚಿಗೆ ಬೇರೆ ಬೇರೆ ನಿಧಿ ಮಾಡಿಸಿಕೊಂಡರು. ನಿಧಿ ಅಂದರೆ ಹುಷಾರು. ಅದರಲ್ಲಿ ಇರುವ ದುಡ್ಡಿಗೆ ಒಂದು ಮಿತಿ ಇರುತ್ತದೆ, ಅರ್ಜಿ ಜಾಸ್ತಿ ಬಂದರೆ ಎಲ್ಲರಿಗೂ ಪೂರ್ತಿ ಸಿಗುವುದಿಲ್ಲ. ನಿಮ್ಮವರು ಬೇಡಿಕೆ ಬರೆಯುವಾಗ ‘ನಿಧಿ’ ಬೇಡ, ‘ಪ್ರೀಮಿಯಂನ ಇಷ್ಟು ಪರ್ಸೆಂಟ್’ ಅಂತ ಬರೆಸಿ. ಆಗ ವರ್ಷ ವರ್ಷ ರೇಟ್ ಏರಿದರೂ ಹೊರೆ ನಿಮ್ಮೊಬ್ಬರ ತಲೆ ಮೇಲೆ ಬೀಳುವುದಿಲ್ಲ.

ಗೈಡ್ ವಿಷಯ ಮಾತ್ರ ನಿಮಗೇ ಗೊತ್ತು. ಕಾನೂನಿನ ಪ್ರಕಾರ ಬೆದರಿಸುವ ಹಾಗಿಲ್ಲ. ಆದರೆ ಶಿಫಾರಸು ಪತ್ರ ಬೆಚ್ಚಗಿದೆಯಾ, ತಣ್ಣಗಿದೆಯಾ ಅಂತ ಯಾವ ಬೋರ್ಡು ಅಳೆಯುತ್ತೆ ಹೇಳಿ?

ಲ್ಯಾಬ್_ಇಲಿ_ಬೆಂಗಳೂರು:

ಇಲ್ಲಿಂದ ಒಂದು ಮಾತು. ನಮ್ಮಲ್ಲೂ ಇದೇ ಗೊಂದಲ. ಪಿಎಚ್‌ಡಿ ಮಾಡುವವರಿಗೆ ಸಿಗುವ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) ಅನ್ನುವುದು ಫೆಲೋಶಿಪ್, ಸಂಬಳ ಅಲ್ಲ, ಹಾಗಾಗಿ ನಾವು ಉದ್ಯೋಗಿಗಳಲ್ಲ. 2019ರಲ್ಲಿ ಅದು ತಿಂಗಳಿಗೆ 25,000 ರೂಪಾಯಿಯಿಂದ 31,000 ಆದದ್ದು ದೇಶದ ಎಲ್ಲ ಕಡೆ ಸ್ಕಾಲರ್‌ಗಳು ಬೀದಿಗೆ ಬಂದ ಮೇಲೆ. 2023ರಲ್ಲಿ 37,000 ಆಯಿತು. ಆದರೆ ನಾವು ಕೇಳಿದ್ದು ಪ್ರತಿ ಸಲ ಮೊತ್ತ ಮಾತ್ರ. ಕ್ಯಾಂಪಸ್ ಡಿಸ್ಪೆನ್ಸರಿ ದಾಟಿ ಹೊರಗೆ ಆಪರೇಷನ್ ಆದರೆ ಯಾರು ಕಟ್ಟಬೇಕು, ಮದುವೆ ಆದವರ ಹೆಂಡತಿ ಮಕ್ಕಳ ಕಥೆ ಏನು, ಇದನ್ನು ಬ್ಯಾನರ್ ಮೇಲೆ ಬರೆದದ್ದು ನಾನಂತೂ ನೋಡಿಲ್ಲ. ನಿಮ್ಮ ಕಾಗದ ಮಡಚಿ ಇಟ್ಟ ಸಾಲು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ತುಂಗಾತೀರದವಳು:

ಎಲ್ಲರಿಗೂ ಥ್ಯಾಂಕ್ಸ್, ಅಂಕಲ್‌ಗೂ. ನಾಲ್ಕು ಜನ ಒಂದು ರೂಮಿನಲ್ಲಿ ಇದ್ದದ್ದನ್ನು ನಾನು ಅಲ್ಲಗಳೆಯುವುದಿಲ್ಲ, ನಮ್ಮ ಮನೆಯಲ್ಲೂ ಮೊದಲ ವರ್ಷ ಅದೇ ಕಥೆ. ಅನ್ನ ಸಾರು ಈಗಲೂ ಅದೇ.

ನಿನ್ನೆ ಆ ಕೆಮಿಸ್ಟ್ರಿ ಹುಡುಗನನ್ನು ಕಾಫಿಗೆ ಕರೆದು ಕೂರಿಸಿ ಕೇಳಿದೆ. ಹೋಂವರ್ಕ್ ಮಾಡಿದ್ದಾನೆ. ಬೋರ್ಡಿಗೆ ಈಗ ಹೋಗುವುದಿಲ್ಲ, ಮೊದಲು ಮುಕ್ಕಾಲು ಪಾಲು ಜನರ ಸಹಿ ಸೇರಿಸಿ ಯೂನಿವರ್ಸಿಟಿ ತಾನೇ ಒಪ್ಪಿಕೊಳ್ಳಲಿ ಅಂತ ಕೇಳುತ್ತೇವೆ ಅಂದ. ‘ನಿಧಿ ಬೇಡ, ಪರ್ಸೆಂಟ್ ಬೇಕು’ ಅಂದದ್ದಕ್ಕೆ ಫೋನ್ ತೆಗೆದು ಬರೆದುಕೊಂಡ. ಡಿಪೆಂಡೆಂಟ್ ಪ್ರೀಮಿಯಂ ಅವರ ಪಟ್ಟಿಯಲ್ಲಿ ಆರನೆಯದು. ಯಾಕೆ ಅಷ್ಟು ಕೆಳಗೆ ಅಂತ ಕೇಳಿದರೆ, ಮೀಟಿಂಗಿಗೆ ಬರುವವರಲ್ಲಿ ಮದುವೆ ಆದವರು ಇಲ್ಲವೇ ಇಲ್ಲ ಅಂದ.

ಸಹಿ ಹಾಕಿ ಕೊಟ್ಟೆ. ಅವನು ಹೋಗುವ ಮೊದಲು ಇನ್ನೂ ಹತ್ತು ಖಾಲಿ ಕಾರ್ಡು ನನ್ನ ಕೈಗಿಟ್ಟು, ಮೂರನೇ ಮಹಡಿ ನೀವೇ ನೋಡಿಕೊಳ್ಳಿ ಅಂದ! ಈಗ ಅವು ಡ್ರಾಯರಿನಲ್ಲಿವೆ. ನನ್ನ ಪಕ್ಕದ ಡೆಸ್ಕಿನ ವಿಜಯವಾಡದ ಹುಡುಗ ಹೆಂಡತಿಯನ್ನು ಕರೆಸಿಕೊಂಡು ಎರಡು ತಿಂಗಳಾಗಿದೆ. ಅವನಿಂದ ಶುರು ಮಾಡೋಣ ಅಂತಿದ್ದೇನೆ. ನೀವಾಗಿದ್ದರೆ ಮಾತು ಎಲ್ಲಿಂದ ಎತ್ತುತ್ತಿದ್ದಿರಿ?