ಗೆಳೆಯನ ಹೆಂಡತಿ, ಮಕ್ಕಳಿಗೆ ಮನೆ ಕಟ್ಟಿಸಿಕೊಡಬೇಕು, ಜಾಗದ ಖಾತೆ ಮಾವನ ಹೆಸರಲ್ಲಿದೆ

ಮದ್ದೂರು ಕಡೆಯವನು:
ಎಲ್ಲರಿಗೂ ನಮಸ್ಕಾರ. ನಾವು 1998ರ ಎಸ್ಸೆಸ್ಸೆಲ್ಸಿ ಬ್ಯಾಚಿನ ಹನ್ನೊಂದು ಜನ. ಜೊತೆಗೆ ಓದಿದ ಗೆಳೆಯ ಮೂರು ವರ್ಷದ ಹಿಂದೆ ತೀರಿಕೊಂಡ. ಅವನ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಆಕೆಯ ವಯಸ್ಸಾದ ಅತ್ತೆ ಹಳೇ ನಾಡಹೆಂಚಿನ ಮನೇಲಿದ್ದಾರೆ. ಹೋದ ಮಳೆಗಾಲದಲ್ಲಿ ನಾಲೆ ಕಡೆ ಗೋಡೆ ಕುಸಿದು, ಈಗ ಅಲ್ಲಿ ಟಾರ್ಪಾಲು. ಗೆಳೆಯನ ಹೆಂಡತಿ ಬೆಳಿಗ್ಗೆ ಗಾರ್ಮೆಂಟ್ಸ್ ವ್ಯಾನು ಹತ್ತಿದರೆ ವಾಪಸ್ ಬರೋದು ಕತ್ತಲಾದ ಮೇಲೆ. ದೊಡ್ಡ ಮಗಳು ಒಂಬತ್ತನೇ ಕ್ಲಾಸು. ಪುಸ್ತಕ ನೆನೆಯಬಾರದು ಅಂತ ಗೊಬ್ಬರದ ಚೀಲಕ್ಕೆ ತುಂಬಿ ಜಂತಿಗೆ ನೇತು ಹಾಕಿದ್ದಾಳೆ. ಅದನ್ನು ನೋಡಿ ಬಂದ ರಾತ್ರೀನೇ ದುಡ್ಡು ಕೂಡಿಸೋಕೆ ಶುರು ಮಾಡಿದ್ವಿ, ಆರು ಲಕ್ಷದ ಹತ್ತಿರ ಆಗಿದೆ.

ಜಾಗ ಗೆಳೆಯನ ಹೆಂಡತಿಯ ಮಾವನ ಹೆಸರಲ್ಲಿದೆ. ಅವರು ಗೆಳೆಯನಿಗಿಂತ ಮೊದಲೇ ಹೋದರು. ಮೈದುನರಿಬ್ಬರು, "ಕಟ್ಟಿಕೊಡಿ, ನಾವೇನು ಅಡ್ಡ ಬರ್ತೀವಾ" ಅಂತಾರೆ. ಯುಗಾದಿ ಕಳೆದ ಮೇಲೆ ಗುದ್ದಲಿಪೂಜೆ ಮಾಡಬಹುದಾ?

ಮೈಸೂರಿನವಳು:
ಅಣ್ಣ, ದಯವಿಟ್ಟು ಖಾತೆ ಆಗದೆ ಪಾಯ ತೆಗೀಬೇಡಿ. ನಮ್ಮಪ್ಪ ಹೋದಾಗ ನನಗೆ ಹನ್ನೆರಡು ವರ್ಷ. ಅಪ್ಪನ ಜೊತೆ ಕೆಲಸ ಮಾಡ್ತಿದ್ದವರೇ ಚಂದಾ ಎತ್ತಿ ಅಮ್ಮನಿಗೆ ಮನೆ ಕಟ್ಟಿಸಿಕೊಟ್ಟರು, ಅವರ ಋಣ ತೀರಿಸೋಕಾಗಲ್ಲ. ಆದರೆ ಜಾಗ ತಾತನ ಹೆಸರಲ್ಲೇ ಉಳೀತು. ಏಳು ವರ್ಷದ ಮೇಲೆ ದೊಡ್ಡಪ್ಪ ಭಾಗ ಕೇಳಿದರು. ಅಮ್ಮನ ಕೈಲಿ ಒಂದು ಕಾಗದವೂ ಇಲ್ಲ. ನಡುಮನೆಗೆ ಅಡ್ಡಗೋಡೆ ಬಂತು, ಒಲೆ ಆ ಕಡೆಗೆ ಹೋಯ್ತು. ಅಮ್ಮ ಜಗಲಿ ಮೇಲೆ ಮೂರು ಕಲ್ಲಿಟ್ಟು ಮುದ್ದೆ ತೊಳಸಿದರು, ಮುಖಕ್ಕೆ ಸೆರಗು ಅಡ್ಡ ಹಿಡಿದು, ಹೋಗೋ ಬರೋರಿಗೆ ಹೊಗೆ ಅನ್ನಿಸಲಿ ಅಂತ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ, ಉಯಿಲು ಇಲ್ಲದಿದ್ದರೆ, ಗಂಡನ ಪಾಲಿನಲ್ಲಿ ಹೆಂಡತಿಗೆ, ಮಕ್ಕಳಿಗೆ, ಅವನ ತಾಯಿಗೆ ಸಮಪಾಲು. ಹಕ್ಕಿರೋದು ಬೇರೆ, ಅದು ಪಂಚಾಯಿತಿ ಪುಸ್ತಕಕ್ಕೆ ಏರೋದು ಬೇರೆ. ಮರಣ ಪ್ರಮಾಣಪತ್ರ, ವಂಶವೃಕ್ಷ ಮಾಡಿಸಿ, ಮೈದುನರು, ನಾದಿನಿ ಇದ್ದರೆ ಅವರೂ, ಅತ್ತೆ, ಎಲ್ಲರಿಂದ ಸಬ್‌ರಿಜಿಸ್ಟ್ರಾರ್ ಕಚೇರಿಲಿ ಹಕ್ಕು ಖುಲಾಸೆ ಪತ್ರ (ತಮ್ಮ ಪಾಲು ಬಿಟ್ಟುಕೊಟ್ಟ ಪತ್ರ) ನೋಂದಣಿ ಮಾಡಿಸಿ. ಆಮೇಲೆ ಪಂಚಾಯಿತಿ ಆಸ್ತಿ ದಾಖಲೆಯ ಇ-ಸ್ವತ್ತಿನಲ್ಲಿ ಗೆಳೆಯನ ಹೆಂಡತಿ ಹೆಸರಿಗೇ ಖಾತೆ. ದುಃಖ ಹಸಿಯಾಗಿರುವಾಗಲೇ ಸಹಿ ಸಿಗೋದು.

ಇನ್ನೊಂದು ಮಾತು. ದಾನಿಗಳ ಹೆಸರಿನ ಕಲ್ಲು ಹಾಕಬೇಡಿ. ನಮ್ಮ ಬಾಗಿಲ ಮೇಲಿತ್ತು. ನನ್ನ ನೋಡೋಕೆ ಬಂದ ಗಂಡಿನ ಕಡೆಯವರು ಒಳಗೆ ಬರೋ ಮುಂಚೆ ನಿಂತು ಓದಿದ್ದು ಅದನ್ನೇ.

ಪಾಂಡವಪುರದ ಮೇಸ್ತ್ರಿ:
ಅಕ್ಕ ಹೇಳಿದ್ದು ಸರಿ ಅದೆ ಕಣಣ್ಣ. ನಂದು ಗಾರೆ ಕೆಲಸ. ನಾಲೆ ಮಗ್ಗುಲು ಅಂದ್ರಲ್ಲ, ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ರೆ ಆ ಕಡೆ ನೆಲ ಶೀತ ಎಳ್ಕತದೆ. ಗಟ್ಟಿ ಮಣ್ಣು ಸಿಗೋಗಂಟ ಪಾಯ ತೆಗೀರಿ, ನೆಲದ ಮೇಲೆ ಎರಡೂವರೆ ಅಡಿನಾದ್ರೂ ಎತ್ರಿಸಿ. ಶೀಟು ಬ್ಯಾಡ, ಕಾಂಕ್ರೀಟು ಮೋಲ್ಡೇ ಹಾಕ್ಸಿ, ಹದಿನಾಲ್ಕು ದಿನ ಅದರ ಮೇಲೆ ನೀರು ನಿಂತಿರ್ಬೇಕು. ಆ ತಾಯಿ ಕೆಲ್ಸಕ್ಕೋದ್ರೆ ನೀರು ಕಟ್ಟೋರ್ಯಾರು? ನಿಮ್ಮಲ್ಲೊಬ್ರು ಹೊಣೆ ತಕಳಿ. ದುಡ್ಡು ಸಾಲ್ದೆ ಬಂದ್ರೆ ಒಂದು ರೂಮು ಬಿಡಿ, ಬಚ್ಚಲು ಕಕ್ಕಸು ಮಾತ್ರ ಬಿಡ್ಬೇಡಿ. ಹತ್ತು ದಿನ ನಾನು ಕೂಲಿ ಇಲ್ದೆ ಬತ್ತೀನಿ.

ನಿವೃತ್ತ ಪಂಚಾಯಿತಿ ನೌಕರ, ಮಳವಳ್ಳಿ:
ವಸತಿ ಪಟ್ಟಿಯಲ್ಲಿ ಅವರ ಹೆಸರಿದೆಯೇ ಎಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಬಳಿ ಮೊದಲು ವಿಚಾರಿಸಿ. ಪ್ರಧಾನ ಮಂತ್ರಿ ಆವಾಸ್ ಗ್ರಾಮೀಣದಲ್ಲಿ ನಮ್ಮಂಥ ಬಯಲು ಜಿಲ್ಲೆಗೆ 1,20,000 ರೂಪಾಯಿ ನೆರವಿದೆ, ಕೆಲಸದ ಹಂತ ನೋಡಿ ಕಂತಿನಲ್ಲಿ ಬ್ಯಾಂಕ್ ಖಾತೆಗೆ ಬರುತ್ತದೆ. ಪಕ್ಕಾ ಮನೆ ಎದ್ದುಬಿಟ್ಟರೆ ಅರ್ಹತೆಯೇ ಹೋಗುತ್ತದೆ, ಆತುರ ಬೇಡ.

ಮದ್ದೂರು ಕಡೆಯವನು:
ಎಲ್ಲರಿಗೂ ಕೈಮುಗಿದೆ. ಗುದ್ದಲಿಪೂಜೆ ಮುಂದಕ್ಕೆ ಹಾಕಿದ್ವಿ. ಇವತ್ತು ಹೋಗಿ ಕೂತು ಮಾತಾಡಿದೆ. ಸಹಿ ವಿಚಾರ ಎತ್ತಿದ ಕೂಡಲೇ ಅತ್ತೆ, "ಮೊದಲ ಹೆಬ್ಬೆಟ್ಟು ನಂದೇ" ಅಂದರು. ಬೆಂಗಳೂರಿನ ಮೈದುನ ಭಾನುವಾರ ಬರ್ತಾನೆ. ಮನೆ ಹೇಗಿರಬೇಕು ಅಂತ ಗೆಳೆಯನ ಹೆಂಡತೀನ ಇಷ್ಟು ದಿನ ನಾವು ಕೇಳೇ ಇರಲಿಲ್ಲ. ತುಂಬಾ ಹೊತ್ತು ಸುಮ್ಮನಿದ್ದು, ಒಳಗಿನಿಂದ ಹಾಕೋ ಗಟ್ಟಿ ಚಿಲಕ, ಮಗಳು ಓದೋಕೆ ಒಂದು ಕಿಟಕಿ ಅಂದರು. ಕಲ್ಲು ಹಾಕಲ್ಲ. ಮೇಸ್ತ್ರಿಗಳೇ, ಭಾನುವಾರ ಬಂದು ಜಾಗ ನೋಡ್ತೀರಾ?